ಪಪ್ಪಾಯಿ ಎಲೆಗೆ ಕುಸುಬಿ ಎಣ್ಣೆ

ನಮ್ಮ ಬಾಗೇವಾಡಿ ಕಡೆಯ ಗಂಡಸರಿಗೆ ಎಣ್ಣೆಯ ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು. ತಟ್ಟೆಯ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ನಡುವೆ ಬೆರಳಿನಿಂದ ಗುಣಿ ಮಾಡಿ, ಅದು ತುಂಬಿ ರೊಟ್ಟಿಗೆ ಹರಿಯುವವರೆಗೆ ಎಣ್ಣೆ ಹಾಕಿಸಿಕೊಂಡು ಬೆಳೆದವರು. ಹಿತ್ತಲಿನ ನಲವತ್ತು ಪಪ್ಪಾಯಿ ಸಸಿಗಳಿಗೆ ಎಣ್ಣೆ ಸಿಂಪಡಿಸಲು ಮೈದುನ ಮಲ್ಲಪ್ಪನಿಗೆ ಹೇಳಿದ್ದು ನನ್ನದೇ ತಪ್ಪು. ಮದುವೆಯಾಗಿ ಬಂದ ಮೇಲೆ ನನ್ನದೆಂದು ನಾನು ನೆಟ್ಟ ಮೊದಲ ಬೆಳೆ ಅದು.

ಬಚ್ಚಲ ಪಕ್ಕದ ಹಳೆಯ ಪಪ್ಪಾಯಿಯ ಎಲೆ ಹಳದಿಯಾಗಿ ಸುರುಟಿತ್ತು. ನೋಡಲು ಬಂದ ಕೃಷಿ ಇಲಾಖೆಯ ಮೇಡಂ, "ಇದು ವೈರಸ್‌ರಿ. ಎಲಿ ಹೇನು ಇದರ ರಸ ಹೀರಿ ಸಸಿಗೆ ರೋಗ ಹೊತ್ಕೊಂಡು ಹೋಗ್ತಾವ. ಮೊದಲ ಇದನ್ನ ಕಿತ್ತು ಒಗೀರಿ. ಸಸಿಗೆ ಅಂಗಡ್ಯಾಗ ಸಿಗೂ ಸಿಂಪರಣಿ ಎಣ್ಣಿ ನೀರಾಗ ಬೆರಸಿ, ವಾರಕ್ಕೊಮ್ಮೆ ಮುಂಜಾನೆ ತಂಪಿನ್ಯಾಗ ತೆಳ್ಳಗ ಹೊಡೀರಿ. ಹೇನು ಸಾಯೂದಿಲ್ಲ, ಆದ್ರ ರೋಗ ದಾಟೂದು ಕಡಿಮಿ ಆಗ್ತೈತಿ" ಎಂದರು.

ಹಳೆಯ ಗಿಡದಲ್ಲಿ ಐದು ಕಾಯಿ ಇದ್ದವು. ಗಿಡ ನಾಳೆ ಕಿತ್ತರಾಯಿತು ಎಂದುಕೊಂಡೆ.

ಮೇಡಂ ಹೋಗುವುದನ್ನೇ ಮಲ್ಲಪ್ಪ ಕಾಯುತ್ತಿದ್ದ. "ಹೇನು ಸಾಯಂಗಿಲ್ಲ ಅಂದ್ರ ಅದೆಂಥಾ ಔಷಧ್ರಿ ವೈನಿ? ಅಂಗಡಿ ಎಣ್ಣಿ ಯಾಕ? ನಮ್ಮ ಗಾಣದ ಕುಸುಬಿ ಎಣ್ಣಿಗಿ ಬಾಣಂತಿ ಎದ್ದು ಓಡಾಡ್ತಾಳ, ಪಪ್ಪಾಯಿ ಏನ್ ಮಹಾ!"

ಈ ಮಹಾಜ್ಞಾನಿ ಸಿಂಪರಣೆಯ ಪಂಪಿಗೆ ಒಂದು ತಂಬಿಗೆ ಕುಸುಬಿ ಎಣ್ಣೆ ಸುರಿದ. ಅದು ನೀರಿನಲ್ಲಿ ಬೆರೆಯದೆ ಮೇಲೆಯೇ ತೇಲಿತು, ಪಂಪಿನ ಮೂತಿ ಕಟ್ಟಿಕೊಂಡಿತು. ಸೋಲೊಪ್ಪುವ ಜಾತಿಯಲ್ಲವಲ್ಲ! ಹಳೆಯ ಧೋತರದ ಚೂರು ಅದ್ದಿ, ಕಡು ಮಧ್ಯಾಹ್ನದ ಬಿಸಿಲಿನಲ್ಲಿ, ಇಪ್ಪತ್ತು ಸಸಿಗಳಿಗೆ ಎಲೆ ಎಲೆಗೂ ಕೂಸಿಗೆ ತಿಕ್ಕಿದಂತೆ ತಿಕ್ಕಿದ. ಮೂರನೆಯ ದಿನಕ್ಕೆ ಎಲೆಗಳು ಕಿಟಕಿಗೆ ಹೊಡೆದ ವಾರ್ನಿಷ್‌ನಂತೆ ಅಂಟಾಗಿ, ಕರಿದ ಹಪ್ಪಳದಂತೆ ಮುರುಟಿ ಉದುರಿದವು.

"ನೋಡ್ರಿ ವೈನಿ, ಒಂದ್ ಹೇನಾದ್ರೂ ಐತೇನು?"

"ಎಲಿನೇ ಇಲ್ಲಲ್ಲೋ ಮಲ್ಲಪ್ಪ, ಹೇನು ಎಲ್ಲಿ ಕೂಡಬೇಕು? ನಿನ್ನ ನೆತ್ತಿ ಮ್ಯಾಲೇನು?"

ಉಳಿದ ಇಪ್ಪತ್ತಕ್ಕೆ ಪಂಪು ನಾನೇ ಹೊತ್ತೆ. ಅಂಗಡಿಯ ಎಣ್ಣೆ, ತಂಪು ಹೊತ್ತು, ಎಲೆಯ ಅಡಿಯೂ ನೆನೆಯುವಂತೆ ಮಂಜಿನಂಥ ಸಿಂಪರಣೆ, ಒಂದು ವಾರವೂ ತಪ್ಪದೆ. ನೀರಿಗೆ ಬಂದ ಹೆಂಗಸರಿಗೆಲ್ಲ ಮಲ್ಲಪ್ಪನ ಧೋತರದ ಕಥೆ ಹೇಳಿ ನಗಿಸಿದೆ.

ಮೊನ್ನೆ ಮೇಡಂ ಮತ್ತೆ ಬಂದರು. ನನ್ನ ಸಾಲಿನಲ್ಲೇ ಆರು ಸಸಿ ಹಳದಿ ತಿರುಗಿದ್ದವು. ಅವರು ಬಚ್ಚಲ ಪಕ್ಕದ ಹಳೆಯ ಗಿಡದ ಕಡೆ ತಿರುಗಿ ನೋಡಿ, "ಅಕ್ಕಾರ, ಇದಿನ್ನೂ ಇಲ್ಲೇ ಐತಲ್ರಿ! ದಿನಾ ರೋಗ ಇಲ್ಲಿಂದ ಹೊಂಟ್ರ ಎಣ್ಣಿ ಎಷ್ಟಂತ ತಡೀತೈತಿ?" ಎಂದರು.

ಮಲ್ಲಪ್ಪ ಗುದ್ದಲಿ ಹಿಡಿದು, ಈ ಜನ್ಮದಲ್ಲಿ ನಾನು ಕೇಳದಷ್ಟು ಮೆತ್ತಗೆ, "ಕೀಳ್ಲೇನ್ರಿ ವೈನಿ?" ಎಂದ.

"ತಡಿಯೋ," ಎಂದೆ. "ಆ ದೊಡ್ಡ ಕಾಯಿ ಒಂದು ಬಲೀಲಿ."