ಕರಡಿಗೆ ಕಪ್ಪಾದ ಪ್ರಕರಣ

ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಯಾರೂ ಮೋಸ ಮಾಡಲಾರರು ಎಂಬ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಉಳಿದೆಲ್ಲದರ ಮೇಲೂ ಇದೆ! ಜೇಬಿನಲ್ಲಿ ಸದಾ ಲಿಟ್ಮಸ್ ಕಾಗದ ಇರುತ್ತದೆ. ಬೀಗರ ಮನೆಯ ಮಜ್ಜಿಗೆಗೂ ಅದ್ದಿ, ನೀಲಿ ಕೆಂಪಾದ ಮೇಲೆಯೇ ಕುಡಿದವನು ನಾನು.

ಇಂಥ ನನ್ನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಒಂದು ಬೆಳಿಗ್ಗೆ ಕಾಡಿಗೆಯಂತೆ ಕಪ್ಪಾಗಿತ್ತು! ರಾಮತೀರ್ಥ ನಗರದ ನಮ್ಮ ಮನೆಯ ಗೃಹಪ್ರವೇಶಕ್ಕೆ ಖಾನಾಪುರದ ಮಾವನವರು ಇಷ್ಟಲಿಂಗ ಇಟ್ಟುಕೊಳ್ಳಲೆಂದು ಮಾಡಿಸಿಕೊಟ್ಟದ್ದು. ಲಿಂಬೆಹಣ್ಣು ತಿಕ್ಕಿದೆ. ಹುಣಸೆಹಣ್ಣು ತಿಕ್ಕಿದೆ. ಕಪ್ಪು ಕದಲಲಿಲ್ಲ. ಎರಡೆರಡು ಆಮ್ಲಗಳಿಗೂ ಬಗ್ಗದ್ದು ಬೆಳ್ಳಿಯಾಗಿರಲು ಸಾಧ್ಯವೇ?

"ನಿಮ್ಮಪ್ಪ ನಕಲಿ ಮಾಲು ಕೊಟ್ಟಾರ," ಎಂದು ಹೆಂಡತಿ ಶೈಲಾಗೆ ತೀರ್ಪು ಕೊಟ್ಟೆ.

ಅವಳ ಮುಖ ಬಾಡಿತು. "ಊರಾಗ ನಮ್ಮಪ್ಪನ ಮಾತಂದ್ರ ಮಾತು. ಮಗಳ ಮನಿ ಆತಂತ ಹಿಗ್ಗಿ ಮಾಡ್ಸಿದ್ರು ಅದನ್ನ. ನೀವು ಹಿಂಗ ಅಂದ್ರ ನಾ ತವರಿಗೆ ಹೆಂಗ ಮಾರಿ ತೋರ್ಸಲಿ?"

"ವಿಜ್ಞಾನಕ್ಕೆ ತವರಿಲ್ಲ!" ಎಂದೆ. ಭಾನುವಾರ ಖಾನಾಪುರದ ಬಸ್ಸು ಹತ್ತಿಯೇಬಿಟ್ಟೆವು.

"ಬರ್ರಿ ಬರ್ರಿ, ಕುಂದರ್ರಿ. ಚಾ ತಗೋರಿ," ಎಂದರು ಮಾವನವರು. ಇಷ್ಟೊಂದು ಉಪಚಾರ! ನನ್ನ ಸಂಶಯ ಇನ್ನೂ ಬಲವಾಯಿತು. ಚಹಾ ಮುಟ್ಟದೆ ಆರೋಪ ಮಂಡಿಸಿದೆ. ಮಾವನವರು ಚಹಾದ ಬಸಿ ಕೆಳಗಿಟ್ಟರು.

"ನಕಲಿ ಆಗಿದ್ರ ಬದ್ಲಿ ಮಾಡ್ಸಿ ಕೊಡ್ತೀನ್ರಿ. ಆದ್ರ ಮೊದ್ಲ ಖರೇ ಏನೈತಿ ನೋಡ್ರಿ," ಎಂದರು.

ನೋಡದೆ ಬಿಡುತ್ತೇನೆಯೇ! ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಲ್ಲೇ ಉಳಿಸಿಕೊಂಡು, ಖಾಲಿ ಕರಡಿಗೆ ಹಿಡಿದು ಅಡುಗೆಮನೆಗೆ ನುಗ್ಗಿದೆ. ಪಾತೇಲಿಯ ತಳಕ್ಕೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಮೇಲೆ ಕುದಿಯುವ ನೀರು, ಅಡುಗೆ ಸೋಡಾ.

"ಅಲ್ಯೂಮಿನಿಯಂ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ಕಪ್ಪಾದ ಬೆಳ್ಳಿ ಅದನ್ನು ಪಡೆದು ಮತ್ತೆ ಬೆಳ್ಳಗಾಗುತ್ತದೆ. ನಕಲಿಯಾದರೆ ಆಗದು!" ಎಂದು ಪಠ್ಯಪುಸ್ತಕದ ಕನ್ನಡದಲ್ಲೇ ಪಾಠ ಮಾಡಿದೆ.

"ಯಾರರ ಏನರ ಕಳಕೊಳ್ಳಲಿ, ನನ್ನ ಪಾತೇಲಿ ಉಳಸ್ರಿ," ಎಂದರು ಅತ್ತೆ.

ಕರಡಿಗೆ ಮುಳುಗಿತು. ನೋಡನೋಡುತ್ತಿದ್ದಂತೆ ಕಪ್ಪು ಹೋಗಿ ಫಳಫಳ ಹೊಳೆಯಿತು! ಮಾವನವರು ನಿಟ್ಟುಸಿರುಬಿಟ್ಟರು. ನನಗೆ ಮಾತ್ರ ಭಾರೀ ನಿರಾಸೆ. ಅಷ್ಟರಲ್ಲಿ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಸಿಕ್ಕಿತು ಸುಳಿವು!

"ಗಂಧಕ! ಬೆಳ್ಳಿಗೆ ಗಂಧಕ ತಾಗಿ ಕಪ್ಪಾಗೇತಿ. ಈ ಗಂಧಕ ಎಲ್ಲಿಂದ ಬಂತು? ಯಾರರ ಜವಾಬು ಕೊಡ್ರಿ!" ಎಂದು ಗರ್ಜಿಸಿದೆ.

"ನಾ ಕೊಡ್ತೀನಿ," ಎಂದಳು ಶೈಲಾ. "ದಿನಾ ಜಳಕಾ ಮಾಡಿ, ಬಾಗ್ಲಾ ಹಾಕ್ಕೊಂಡು ಎದಿಗೆ ಗಜಕರ್ಣದ ಮುಲಾಮು ಹಚ್ಕೋತೀರಲ್ಲ, ಅದರಾಗಿಂದ ಬಂತು. ಡಬ್ಬಿ ಮ್ಯಾಲ ಗಂಧಕ ಅಂತ ದಪ್ಪಕ್ಷರದಾಗ ಬರದೈತಿ. ಓದಾಕ ಬರತೈತಲ್ಲ?"

ಬಾಜು ಮನೆಯವರು ಕಿಟಕಿಗೆ ಬಂದು ನಿಂತರು. ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟಿದ್ದ ನನ್ನ ತುರಿಕೆ, ನನ್ನದೇ ಪ್ರಯೋಗದಿಂದ ಜಗಜ್ಜಾಹೀರಾಯಿತು! ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮಾವನವರು ಕರಡಿಗೆಯನ್ನು ಧೋತರದ ಅಂಚಿನಿಂದ ಒರೆಸಿ ನನ್ನ ಕೈಗಿಟ್ಟರು. "ಬೆಳ್ಳಿ ಒರಿಗೆ ಹಚ್ಚಿ ನೋಡೇ ತಂದಿದ್ನಿರಿ. ಅಳಿಯನ್ನಷ್ಟ ಹಂಗ ನಂಬಿ ತಗೊಂಡಿದ್ವಿ," ಎಂದರು.

ಶೈಲಾ ನಗುತ್ತಲೇ ಇದ್ದಳು. ಅತ್ತೆ ಊಟಕ್ಕೆ ಮಣೆ ಹಾಕಿದರು. ಎಲ್ಲರದೂ ಒಂದೇ ಸಾಲಿನಲ್ಲಿ, ನನ್ನದೊಂದು ಹೊರಗೆ ಪಡಸಾಲೆಯಲ್ಲಿ!

"ನಿಮ್ಮ ಮ್ಯಾಲ ಸಂಶಯ ಅಲ್ರಿ ಅಳಿಯಂದ್ರ," ಎಂದರು ಅತ್ತೆ, ತಾಟನ್ನು ದೂರದಿಂದಲೇ ನನ್ನತ್ತ ಸರಿಸುತ್ತ, "ಆದ್ರೂ ಗಜಕರ್ಣ ಹತ್ಕೋತೈತಿ ನೋಡ್ರಿ."