ಅಲುಗಾಡದ ಅಜ್ಜಿಯ ಚಲನಚಿತ್ರ

ದೊಡ್ಡ ಕಂಪನಿಯವರು ಲೈಟು, ಸೆಟ್ಟು, ನೂರಾರು ಜನರನ್ನಿಟ್ಟುಕೊಂಡು ಸಿನಿಮಾ ಮಾಡುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ ಎಂಬುದು ನನ್ನ ಹಳೆಯ ಅಭಿಪ್ರಾಯ. ಏನೂ ಇಲ್ಲದೆ ಮಾಡುವುದೇ ಕಲೆ. ನಿಮ್ಮ ಹತ್ತಿರ ಏನೂ ಇಲ್ಲದ್ದಕ್ಕೇ ಈ ಅಭಿಪ್ರಾಯ ಹುಟ್ಟಿದೆ ಎಂದು ನನ್ನ ಹೆಂಡತಿ ಗೌರಿ ಹೇಳುತ್ತಾಳೆ. ಅವಳಿಗೆ ಕಲೆ ತಿಳಿಯದು.

ಮಹಾಯುದ್ಧ ಮುಗಿದ ಹೊಸತು. ಸಿರುಗುಪ್ಪದಲ್ಲಿ ಮಾಸ್ತರನಾಗಿದ್ದ ನನಗೆ, ಬಳ್ಳಾರಿ ಕೌಲ್ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಖಾದರ್ ಸಾಬರ ಅಂಗಡಿಯಲ್ಲಿ ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದ ಸಿನಿಮಾ ಕ್ಯಾಮೆರಾ ಸಿಕ್ಕಿತು. ಹಿಡಿ ತಿರುಗಿಸಿದರೆ ಓಡುವ ಮರದ ಪೆಟ್ಟಿಗೆ. ಹಿಂದೆ ದೀಪವಿಟ್ಟರೆ ಅದೇ ಪೆಟ್ಟಿಗೆ ಚಿತ್ರವನ್ನು ತೆರೆಯ ಮೇಲೂ ಬಿಡುತ್ತಿತ್ತು. ಅದರ ಮುರಿದ ಹಲ್ಲುಚಕ್ರದ ಜಾಗಕ್ಕೆ ಸಾಬರು ಅಲಾರಾಂ ಗಡಿಯಾರದ್ದೊಂದನ್ನು ಕೂರಿಸಿ, "ಓಡತೈತ್ರಿ ಮಾಸ್ತರ್ರ. ಆದ್ರ ಫಿಲಿಮು ಒಂದ ಸುರುಳಿ ಐತಿ, ನೋಡ್ಕೊಂಡು ತಿರುವ್ರಿ" ಎಂದರು.

ಯುದ್ಧ, ರಾಕ್ಷಸರ ಸಮೇತ ಪೌರಾಣಿಕ ಚಿತ್ರ ತೆಗೆಯುವುದೆಂದು ನಾನು ನಿಶ್ಚಯಿಸಿದ್ದೆ. ಗೌರಿ ಬೇರೆಯೇ ಕೇಳಿದಳು. ತಾಯಿಯಿಲ್ಲದ ಅವಳನ್ನು ಸಾಕಿದವರು ಕುರುಗೋಡಿನ ಅಜ್ಜಿ. "ಅಜ್ಜಿ ನಡಿಯೂದನ್ನ ತಗೀರಿ. ಫೋಟೋದಾಗ ಸುಮ್ನ ಕುಂತಾಳ. ಆಕಿ ಹೋದಮ್ಯಾಲ ನನಗ ಆಕಿ ನಡಿಗಿ ಬೇಕು." ರಾಕ್ಷಸರನ್ನು ಕೈಬಿಟ್ಟೆ.

ಕುರುಗೋಡಿನ ಅಂಗಳದಲ್ಲಿ ಪೆಟ್ಟಿಗೆಯನ್ನು ಮುಕ್ಕಾಲಿಯ ಮೇಲಿಟ್ಟು, ಸಂಜೆ ಬಿಸಿಲಿಗೆ ಬೆನ್ನು ಮಾಡಿ ನಿಂತು ಹಿಡಿ ತಿರುಗಿಸಿದೆ. ಅಜ್ಜಿ ಕೋಲೂರಿ ಕಂಬದಂತೆ ನಿಂತರು. ಹಿಂದೆ ಫೋಟೋ ತೆಗೆದವನು, ಅಲುಗಾಡಬೇಡಿ, ಉಸಿರು ಹಿಡಿಯಿರಿ ಎಂದಿದ್ದನಂತೆ. ಆ ಪಾಠ ಅಷ್ಟು ಗಟ್ಟಿಯಾಗಿತ್ತು. "ಅಜ್ಜೀ, ನಡೀರಿ! ಹಿಂಗ, ಹಿಂಗ!" ಎಂದು ತಿರುಗಿಸುತ್ತಲೇ ಕುಪ್ಪಳಿಸಿ ತೋರಿಸಿದೆ. ರೆಪ್ಪೆಯೂ ಮಿಟುಕಲಿಲ್ಲ. ಸುರುಳಿ ಮುಗಿಯಿತು.

ಅಜ್ಜಿಯ ಅಡುಗೆಮನೆಯನ್ನೇ ಕತ್ತಲು ಮಾಡಿ, ಮಣ್ಣಿನ ಬಾನಿಯ ಮದ್ದುನೀರಲ್ಲಿ ಫಿಲಿಮು ತೊಳೆದು, ಸೀರೆ ಹರವುವ ಹಗ್ಗಕ್ಕೆ ಒಣಹಾಕಿದೆವು. ಆ ನೆಗೆಟಿವ್‌ನಿಂದ ಸರಿಯಾದ ಪ್ರತಿ ತೆಗೆಯಲು ಇನ್ನೊಂದು ಸುರುಳಿ ಇರಲಿಲ್ಲ. ಹೀಗಾಗಿ ಚಿತ್ರದಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಮರುದಿನ ಮಧ್ಯಾಹ್ನ ಬಾಗಿಲು ಮುಚ್ಚಿ, ನನ್ನ ಪಂಚೆಯನ್ನೇ ತೆರೆಯಾಗಿ ಕಟ್ಟಿ, ಪೆಟ್ಟಿಗೆಯ ಹಿಂದೆ ಪೆಟ್ರೋಮ್ಯಾಕ್ಸ್ ಇಟ್ಟು ತಿರುಗಿಸಿದೆ. ಕೂದಲು ಕಪ್ಪಾದದ್ದನ್ನು ಕಂಡು ಅಜ್ಜಿ ಹಿಗ್ಗಿದರು. "ನೋಡವಾ ಗೌರಿ, ನಾ ಒಂಚೂರೂ ಅಲುಗಾಡಿಲ್ಲ!" ಗೌರಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಅಜ್ಜಿಯ ಹುಬ್ಬು ಗಂಟಿಕ್ಕಿತು. ಅಂಗಳದಲ್ಲಿ ಅವರ ಕಾಲ ಬುಡಕ್ಕೆ ಬಿದ್ದಿದ್ದ ನನ್ನ ನೆರಳು ಪಂಚೆಯ ಮೇಲೆ ಬೆಳ್ಳಗಾಗಿ ಕುಣಿಯುತ್ತಿತ್ತು. "ಯಾವ ದೆವ್ವಲೇ ಅದು, ನನ್ನ ಕಾಲಾಗ ಕುಣಿಯಾಕ ಹತ್ತೈತಿ!" ಎಂದು ಎದ್ದವರೇ, ಕೋಲೆತ್ತಿಕೊಂಡು, ಸೊಂಟ ಬಳುಕಿಸಿ, ಸರಸರನೆ ನಡೆದು ಹೋಗಿ ಅದಕ್ಕೆ ಎರಡು ಬಾರಿಸಿದರು.

"ರೀ! ಅದ ನಡಿಗಿ! ತಗೀರಿ, ತಗೀರಿ!" ಗೌರಿ ಅಳುತ್ತ ನಗುತ್ತ ಕೂಗಿದಳು.

ಕ್ಯಾಮೆರಾದ ಹಿಡಿ ನನ್ನ ಕೈಯಲ್ಲೇ ಇತ್ತು. ತಿರುಗಿಸುತ್ತಲೂ ಇದ್ದೆ. ಏನು ಮಾಡಲಿ, ಆ ಪೆಟ್ಟಿಗೆ ಆಗ ನನ್ನ ಕುಣಿತವನ್ನು ತೋರಿಸುವುದರಲ್ಲಿ ಮಗ್ನವಾಗಿತ್ತು.