ಈರುಳ್ಳಿ ಶೆಡ್ಡಿನಲ್ಲಿ ಹತ್ತು ದಿನ

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಮರಿಮಲ್ಲಪ್ಪ ಮನಸ್ಸಿಟ್ಟು ಒಂದು ಸಲ ಕೂಗಿದರೆ, ಮಲೆಯಾಳದ ಕಡೆಗೆ ಹೊರಟ ಲಾರಿ ತನ್ನನ್ನೇ ಕರೆದರೇನೋ ಎಂದು ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಅವನು ಮನಸ್ಸಿಡದೆ ಕೂಗಿದ ದಿನವೇ ಇರಲಿಲ್ಲ. ಕಾಫಿ ಬಿಸಿಯಾಗಿದ್ದರೆ ಕೂಗು, ಆರಿದ್ದರೆ ಕೂಗು, ಹದವಾಗಿದ್ದರೆ ಇಷ್ಟು ಹೊತ್ತು ಯಾಕಾಯಿತು ಎಂದು ಕೂಗು. ಹೀಗೆ ಐವತ್ತೆರಡು ವರ್ಷ ಕೂಗಿ ಕೂಗಿ ಅವನಿಗೇ ಸುಸ್ತಾಗಿ, ಒಂದು ದಿನ ಮಂಡಿಯಲ್ಲೇ ತಲೆ ಸುತ್ತಿ ಮೂಟೆಯ ಮೇಲೆ ಕುಸಿದ. ಚಾಮರಾಜನಗರದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಪಾದರಸ ಏರಿದ ಎತ್ತರ ನೋಡಿ ತಾವೇ ಬೆವರು ಒರೆಸಿಕೊಂಡರು.

"ಪ್ರೆಷರ್ ಜಾಸ್ತಿ ಇದೆ. ಕೂಗಬೇಡಿ. ದಿನಕ್ಕೆ ಅರ್ಧ ಗಂಟೆ ಏನಾದರೂ ಶಾಂತವಾದದ್ದನ್ನು ನೋಡ್ತಾ ಕೂರಿ."

ಮರಿಮಲ್ಲಪ್ಪ ಮನೆಗೆ ಬಂದು ಸುತ್ತಲೂ ನೋಡಿದ. ಹೆಂಡತಿ ಚಿಕ್ಕಮಲ್ಲಮ್ಮ ಇದ್ದಳು. ಅವಳು ಶಾಂತವಾದದ್ದರ ಪಟ್ಟಿಗೆ ಸೇರುವವಳಲ್ಲ. ಗಂಡ ಸತ್ತ ಮೇಲೆ ತವರಿಗೆ ಬಂದು ಮನೆಯ ರಾಜ್ಯಭಾರ ವಹಿಸಿಕೊಂಡಿದ್ದ ಅಕ್ಕ ದೊಡ್ಡಮಲ್ಲಮ್ಮ ಇದ್ದಳು. ಅವಳನ್ನು ಅರ್ಧ ಗಂಟೆ ಎದುರೆದುರು ನೋಡುವ ಧೈರ್ಯ ಅವನಿಗೆ ಹುಟ್ಟಿದಂದಿನಿಂದ ಇರಲಿಲ್ಲ. (ಊರಿಗೆಲ್ಲ ಹುಲಿಯಾದವನು ಅಕ್ಕನ ಮುಂದೆ ಬಾಲ ಮಡಚುತ್ತಿದ್ದ. ಇದು ಮಂಡಿಯವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.)

ಅದೇ ವಾರ ಚಾಮರಾಜನಗರದಿಂದ ವರ್ಗವಾಗಿ ಹೋಗುತ್ತಿದ್ದ ರೇಂಜರೊಬ್ಬರು ಗಾಜಿನ ತೊಟ್ಟಿಯೊಂದನ್ನೂ ಅದರೊಳಗಿನ ಮೂರು ಕೆಂಪು ಮೀನುಗಳನ್ನೂ ಇವನಿಗೆ ಕೊಟ್ಟು ಕೈ ತೊಳೆದುಕೊಂಡರು. ಲಿಂಗ ಕಟ್ಟಿದವರ ಮನೆಗೆ ಮೀನು! ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನೋಡಿತು. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ಮರಿಮಲ್ಲಪ್ಪ ಪ್ರತಿಯೊಬ್ಬರಿಗೂ ಕೂಗಿ ಕೂಗಿ ಹೇಳಿದ. ಅಕ್ಕ ಎರಡು ಷರತ್ತು ಹಾಕಿದಳು. ತೊಟ್ಟಿ ಪಡಸಾಲೆ ದಾಟಿ ಒಳಗೆ ಬರಕೂಡದು. ಮೀನಿಗೆ ಹುಳ ಹಾಕಕೂಡದು. ಹೀಗಾಗಿ ಆ ಮೀನುಗಳು ಹುರಿಗಡಲೆ ಹಿಟ್ಟು ತಿನ್ನುವುದನ್ನು ಕಲಿತು ಶುದ್ಧ ಸಸ್ಯಾಹಾರಿಗಳಾದವು.

ಆಶ್ಚರ್ಯವೆಂದರೆ ಔಷಧಿ ಹಿಡಿಯಿತು. ಸಾಯಂಕಾಲ ಮಂಡಿ ಮುಚ್ಚಿ ಬಂದು, ಬೆತ್ತದ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರೆ ಅವನ ಎದೆಯ ದಡಬಡ ಇಳಿಯುತ್ತಿತ್ತು. ಮೂರರಲ್ಲಿ ದಪ್ಪನೆಯದಕ್ಕೆ ಕೆಂಪಿ ಎಂದು ಹೆಸರಿಟ್ಟ. ಕೆಂಪಿ ಇಡೀ ದಿನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದು ಮಾತು ಹೊರಗೆ ಬರುತ್ತಿರಲಿಲ್ಲ.

"ನೋಡು, ನೋಡಿ ಕಲಿ," ಎಂದು ಅವನು ಹೆಂಡತಿಗೆ ತೋರಿಸುತ್ತಿದ್ದ. "ಬಾಯಿ ಅಂದ್ರೆ ಇಂಗಿರ್ಬೇಕು."

"ನಾನ್ಯಾಕೆ ಕಲೀಲಿ? ಈ ಮನೇಲಿ ಕಲೀಬೇಕಾದೋರು ಬೇರೆ ಅವ್ರೆ," ಎನ್ನುತ್ತಿದ್ದಳು ಚಿಕ್ಕಮಲ್ಲಮ್ಮ.

ಸುಖ ಹೆಚ್ಚಾಗಿ ಮರಿಮಲ್ಲಪ್ಪನಿಗೆ ಬುದ್ಧಿ ಕೆಟ್ಟಿತು. ಮೈಸೂರಿಗೆ ಹೋದಾಗ ಇನ್ನೆರಡು ಮೀನು ತಂದು ಸೀದಾ ತೊಟ್ಟಿಗೆ ಸುರಿದ. ನಾಲ್ಕನೆಯ ದಿನಕ್ಕೆ ಹೊಸವುಗಳ ಮೈಮೇಲೆ ಅಕ್ಕಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿತು, ಆರನೆಯ ದಿನಕ್ಕೆ ಹಳೆಯವುಗಳ ಮೈಗೂ ಬಂತು. ಎಂಟು ದಿನದಲ್ಲಿ ನಾಲ್ಕು ಸತ್ತವು. ಕೆಂಪಿ ಒಬ್ಬಳು ಹೇಗೋ ಉಳಿದಳು. ಉಳಿದವಳು ಮೂಲೆ ಹಿಡಿದು, ಹಿಟ್ಟು ಮೂಸದೆ, ಬಾಯಿಯನ್ನೂ ಸರಿಯಾಗಿ ತೆರೆಯದೆ ನಿಂತುಬಿಟ್ಟಳು. ಮರಿಮಲ್ಲಪ್ಪನ ಪಾದರಸ ಮತ್ತೆ ಏರಿತು.

ಚಿಕ್ಕಮಲ್ಲಮ್ಮ ಬಸವಣ್ಣನ ಪಟದ ಮುಂದೆ ನಿಂತು ಘೋಷಿಸಿದಳು. "ಇನ್ನೊಂದು ಹೆಣ ನಾನು ಎತ್ತಾಕೋದಿಲ್ಲ. ಈ ಕೆಂಪಿಗೇನಾರ ಆದ್ರೆ ತೊಟ್ಟಿ ಮನೆಯಿಂದಾಚ್ಗೆ. ನಿಮ್ ಪ್ರೆಷರ್ಗೆ ಅಕ್ಕಯ್ಯ ಬೇವಿನ ಕಷಾಯ ಕಾಯಿಸ್ಕೊಡ್ತಾರೆ, ದಿನಕ್ಕೆ ಮೂರೊತ್ತು."

ಅಕ್ಕನ ಕಷಾಯ ಕುಡಿದವರು ಒಂದೇ ದಿನದಲ್ಲಿ ಗುಣವಾಗಿ ಎದ್ದು ಓಡಿಹೋದ ದಾಖಲೆಗಳಿದ್ದವು. ಮರಿಮಲ್ಲಪ್ಪ ಚಾಮರಾಜನಗರದ ಬಸ್ಸು ಹತ್ತಿದ.

ಅಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಗುರುಮಲ್ಲಯ್ಯನಿದ್ದ. ಮೊದಲು ಮೈಸೂರಿನ ದೊಡ್ಡ ಬಂಗಲೆಯೊಂದರಲ್ಲಿ ಮೀನಿನ ಕೊಳ ನೋಡಿಕೊಂಡಿದ್ದವನು. ಅವನ ಸ್ವಭಾವ ಮೆತ್ತಗೆ, ಆದರೆ ನಿಯಮದ ವಿಷಯದಲ್ಲಿ ಕಬ್ಬಿಣ. ಅವನು ಹೇಳಿದ: "ಒಂಟಿಯಾಗಿದ್ದಕ್ಕೆ ಅದಕ್ಕೆ ಬೇಜಾರು ಹಿಡಿದಿದೆ. ಜೊತೆಗೆ ಎರಡು ಬಿಡಿ, ನಾನೇ ಕೊಡ್ತೀನಿ. ಆದರೆ ಸೀದಾ ಬಿಡಬಾರದು ಸಾವ್ಕಾರ್ರೆ. ಹೊಸ ದನವನ್ನ ಕೊಟ್ಟಿಗೆಗೆ ಸೀದಾ ಕಟ್ತೀವಾ? ಹತ್ತು ದಿನ ಕ್ವಾರಂಟೈನು. ಬೇರೆ ಮಡಕೆ, ಬೇರೆ ನೀರು, ಬೇರೆ ಲೋಟ. ಅದನ್ನ ಮುಟ್ಟಿದ ಕೈ ಇದನ್ನ ಮುಟ್ಟಬಾರದು. ಹತ್ತನೇ ದಿನ ಮೂರು ಪರೀಕ್ಷೆ. ಚೆನ್ನಾಗಿ ತಿನ್ನುತ್ತಾ? ಮೈಮೇಲೆ ಚುಕ್ಕೆ ಇಲ್ವಾ? ಪಕ್ಕದಲ್ಲಿರೋದನ್ನ ಅಟ್ಟಾಡಿಸದೆ ತೆಪ್ಪಗಿರುತ್ತಾ? ಮೂರರಲ್ಲಿ ಒಂದು ತಪ್ಪಿದರೂ ನೀರು ಬದಲಾಯಿಸಿ, ಇನ್ನೂ ಹತ್ತು ದಿನ."

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಮರಿಮಲ್ಲಪ್ಪ ಬಾಯಿಪಾಠ ಮಾಡಿದ್ದು ಇದೊಂದೇ. ಬಾಯಗಲದ ಬಾಟಲಿಯಲ್ಲಿ ಎರಡು ಮೀನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಾ ಬಂದ. ತೆರಕಣಾಂಬಿಯಲ್ಲಿ ಸೊಪ್ಪಿನ ಕುಕ್ಕೆಯವಳೊಬ್ಬಳು ಹತ್ತಿ, ಅವನ ಹಣೆಯ ವಿಭೂತಿ ನೋಡಿದಳು, ಬಾಟಲಿ ನೋಡಿದಳು, ಮತ್ತೆ ವಿಭೂತಿ ನೋಡಿದಳು.

"ಎಲ್ಡೇ ಮೀನು ಯಾವ ಮೂಲೆಗಾದದು ಸಾವ್ಕಾರ್ರೆ? ಮನೇಲಿ ಜನ ಕಮ್ಮಿಯಾ?"

"ಇದು ಕ್ವಾರಂಟೈನ್ ಮೀನು ಕಣಮ್ಮ!" ಎಂದು ಮರಿಮಲ್ಲಪ್ಪ ಗರ್ಜಿಸಿದ.

"ಓ, ಅಂಗಾ. ನಮ್ ಕೆರೇಲಿ ಆ ಜಾತೀದು ಸಿಕ್ಕಾಕಿಲ್ಲ," ಎಂದು ಅವಳು ಮರ್ಯಾದೆಯಿಂದ ಆಚೆ ಸರಿದು ಕೂತಳು.

ಮನೆಯ ಹಿತ್ತಲಲ್ಲಿ, ಇಪ್ಪತ್ತು ಮಾರು ದೂರಕ್ಕೆ, ಈರುಳ್ಳಿ ತುಂಬುವ ಶೆಡ್ಡಿತ್ತು. ಹೊಸ ಮೀನಿಗೆ ಅಲ್ಲೇ ಒಂದು ದೊಡ್ಡ ಮಡಕೆ ಇಡಿಸಿ, ಮರಿಮಲ್ಲಪ್ಪ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಸೇರಿಸಿ ಕಾನೂನು ಓದಿದ. ಬೇರೆ ಮಡಕೆ, ಬೇರೆ ನೀರು, ಬೇರೆ ಲೋಟ. "ಅದನ್ನ ಮುಟ್ಟಿದ ಕೈ ಇದನ್ನ ಮುಟ್ಟಂಗಿಲ್ಲ! ಕೇಳಿಸ್ತಾ? ಯಾರೇ ಆಗ್ಲಿ! ಮುಟ್ಟಿದ್ರೋ, ಮನೆಯಿಂದ ಆಚ್ಗೆ!"

ಅಕ್ಕ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಆ ಎರಡು ಷರತ್ತು ಹಾಕಿದ ಮೇಲೆ ಮೀನಿನ ವಿಷಯಕ್ಕೆ ಅವಳು ಬಾಯಿ ಹಾಕಿರಲಿಲ್ಲ. ಈಗ ಬತ್ತಿ ಕೆಳಗಿಟ್ಟಳು.

"ಲೋ ಮರಿಯಾ, ಆ ಮಡಕೆಗೆ ಹಿಟ್ಟಾಕೋರು ಯಾರ್ಲಾ?"

"ನಾನೇ ಕಣಕ್ಕ. ಬೇರೆಯೋರ್ನ ನಂಬಕಾದದಾ?"

"ಹಾಕ್ಬುಟ್ಟು?"

"ಮನೆಗೆ ಬತ್ತೀನಿ."

"ಬಂದು?"

"ಕೆಂಪಿ ಮುಂದೆ ಕೂತ್ಕತೀನಿ."

"ಅಂಗಾದ್ರೆ ಅದ್ಯಾವ ಸೀಮೆ ಕ್ವಾರಂಟೈನ್ಲಾ?" ಅಕ್ಕ ಎದ್ದು ನಿಂತಳು. "ಪ್ಲೇಗ್ ಬಂದ ವರ್ಸ ನಮ್ ಶಿವಮಲ್ಲಪ್ಪ ಮಾವ ಮೈಸೂರಿಂದ ಬಂದ್ರು. ಊರೊಳಿಕ್ಕೆ ಬುಟ್ರಾ? ಕೆರೆ ಆಚೆ ಸೆಡ್ಡಾಕಿ ಕೂರ್ಸುದ್ರು. ಗಂಜಿ ಕೊಡಾಕೋದ ಅತ್ತೆಮ್ಮನೂ ಅಲ್ಲೇ. ಸೆಡ್ಗೆ ಅನ್ನ ಕೊಟ್ಟೋರು ಸೆಡ್ಡಲ್ಲೇ ಇರ್ಬೇಕು, ಅದು ಪದ್ಧತಿ. ಒಂದಿನ ಆ ವಮ್ಮ ಮಗೀನ ಮಕ ನೋಡ್ತೀನಿ ಅಂತ ಊರ್ ಬಾಗ್ಲಿಗೆ ಬಂದ್ಲು. ಅಷ್ಟೇಯ. ತಿರುಗಾ ಒಂದರಿಂದ ಎಣ್ಸುದ್ರು!"

"ಅಕ್ಕಾ, ಅದು ಪ್ಲೇಗು, ಇದು ಮೀನು..."

"ನಾಲ್ಕು ಹೆಣ ಬಿದ್ದವಲ್ಲ ಈ ಮನೇಲಿ? ಪ್ಲೇಗಲ್ದೆ ಇನ್ನೇನು?"

ಮರಿಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವಾದರೂ ತನ್ನ ಪರ ಮಾತಾಡಿಯಾಳೆಂಬ ಆಸೆ.

"ಕೆಂಪೀನ ನಾನು ನೋಡ್ಕತೀನಿ ಬುಡಿ," ಎಂದಳು ಚಿಕ್ಕಮಲ್ಲಮ್ಮ, ಅಷ್ಟರಲ್ಲಾಗಲೇ ಅವನ ಹಾಸಿಗೆ ಸುತ್ತುತ್ತಾ. "ನಿಮ್ ಕೈ ತಾಕಿ ಅದು ಸತ್ರೆ ಆಮೇಲೆ ನಾನು ತೊಟ್ಟಿ ಎತ್ತಾಕ್ಬೇಕಾದದು, ಬ್ಯಾಡ."

ಹೀಗೆ ಎರಡು ಮೀನಿನ ಜೊತೆಗೆ ಒಬ್ಬ ಮನುಷ್ಯನೂ ಕ್ವಾರಂಟೈನು ಪ್ರವೇಶ ಮಾಡಿದ. ಅಕ್ಕ ಮಡಕೆಯ ಮೇಲೊಂದು ಬೇವಿನ ಕೊಂಬೆ ಇಟ್ಟಳು. ದಿನದ ಲೆಕ್ಕಕ್ಕೆ ಶೆಡ್ಡಿನ ಗೋಡೆಗೆ ಸುಣ್ಣದಲ್ಲಿ ಒಂದು ಗೆರೆ ಎಳೆದಳು.

ಊಟ ಮುತ್ತುಗದ ಎಲೆಯಲ್ಲಿ ಬರುತ್ತಿತ್ತು. ಮಂಡಿಯಲ್ಲಿ ಮೂಟೆ ಹೊರುವ ಕೆಂಪಯ್ಯ ಅದನ್ನು ತಂದು ಹೊಸ್ತಿಲಾಚೆ ಇಟ್ಟು, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದ. ಅದು ಅಕ್ಕನ ಆಜ್ಞೆ.

"ಯಾಕ್ಲಾ ದೂರ ನಿಂತ್ಕತೀಯ? ನಂಗೇನು ರೋಗ ಬಂದದಾ?"

"ನಂಗೇನ್ ಗೊತ್ತು ಸಾವ್ಕಾರ್ರೆ. ಹತ್ತನೇ ದಿನ ಗೊತ್ತಾದದಂತೆ."

ಶೆಡ್ಡಿನಲ್ಲಿ ಈರುಳ್ಳಿಯ ಘಾಟಿಗೆ ಕಣ್ಣಲ್ಲಿ ನೀರು ನಿಲ್ಲದು. ಬಾಗಿಲಲ್ಲಿ ಇಣುಕಿದವರೆಲ್ಲ ಪಾಪ, ಮನೆ ನೆನೆಸಿಕೊಂಡು ಅಳುತ್ತಾನೆ ಎಂದುಕೊಂಡು ಹೋದರು. ಮೊದಲೆರಡು ದಿನ ಮರಿಮಲ್ಲಪ್ಪ ಮೂಟೆಗಳ ಮೇಲೆ ಕೂಗಿದ. ಮೂಟೆಗಳು ಉತ್ತರ ಕೊಡಲಿಲ್ಲ. ಎದುರಾಳಿ ಇಲ್ಲದೆ ಜಗಳ ಎಷ್ಟು ಹೊತ್ತು ನಡೆದೀತು? ನಾಲ್ಕನೆಯ ದಿನಕ್ಕೆ ಗಂಟಲು ಬಿಟ್ಟುಕೊಟ್ಟಿತು. ಬೆಳಿಗ್ಗೆ ಎದ್ದು, ಬಾವಿ ನೀರು ಸುರಿದುಕೊಂಡು, ಅಲ್ಲೇ ಲಿಂಗಪೂಜೆ ಮುಗಿಸಿ, ಮಡಕೆಗೆ ಚಿಟಿಕೆ ಹಿಟ್ಟು ಹಾಕಿ, ಮೊಣಕಾಲು ಅಪ್ಪಿಕೊಂಡು ಮಡಕೆಯೊಳಗೆ ನೋಡುತ್ತಿದ್ದ. ಒಳಗಿನವೆರಡೂ ಮೇಲಕ್ಕೆ ಅವನನ್ನು ನೋಡುತ್ತಿದ್ದವು. ಮೂವರಿಗೂ ಬೇಸರವಾಗಿತ್ತು.

"ನೀವಾದ್ರೂ ಒಬ್ರಿಗೊಬ್ರು ಇದ್ದೀರ ಕಣ್ರೋ," ಎಂದು ಒಂದು ದಿನ ಅವುಗಳಿಗೆ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿದ.

ಆರನೆಯ ದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ಕೆಂಪಿ ಬದುಕಿದ್ದಾಳೋ ಇಲ್ಲವೋ? ಕಿಟಕಿಯಾಚೆಯಿಂದ ನೋಡಿದರೆ ಮುಟ್ಟಿದ ಹಾಗಾಗುತ್ತದೆಯೇ? ಹಿತ್ತಲ ಗೋಡೆ ಹಿಡಿದು, ಬದನೆ ಗಿಡಗಳ ನಡುವೆ ಬಗ್ಗಿ ಬಗ್ಗಿ ಹೋಗಿ, ತನ್ನದೇ ಮನೆಯ ಕಿಟಕಿಯಲ್ಲಿ ಕಳ್ಳನ ಹಾಗೆ ಇಣುಕಿದ.

ಕೆಂಪಿ ಬದುಕಿದ್ದಳು. ಬದುಕಿದ್ದಳೇನು, ಮೂಲೆ ಬಿಟ್ಟು ತೊಟ್ಟಿಯ ತುಂಬಾ ಓಡಾಡುತ್ತಿದ್ದಳು. ಅವಳ ಮುಂದೆ ಅವನ ಬೆತ್ತದ ಕುರ್ಚಿಯಲ್ಲಿ ಚಿಕ್ಕಮಲ್ಲಮ್ಮ ಮಣೆಯ ಮೇಲೆ ಕಾಲು ಚಾಚಿ, ಎಲೆಅಡಿಕೆ ಹಾಕಿಕೊಂಡು, ಅರೆಗಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಅಕ್ಕ.

"ನನ್ ತಲೆನೋವು ಓಗಿ ಆರು ದಿನಾಯ್ತು ಅಕ್ಕಯ್ಯ," ಎನ್ನುತ್ತಿದ್ದಳು ಚಿಕ್ಕಮಲ್ಲಮ್ಮ. "ಈ ಮೀನು ಬಲೇ ಔಷ್ದಿ."

"ಮೀನೋ, ಇನ್ನೇನೋ," ಎಂದಳು ಅಕ್ಕ. "ಮನೆ ತಣ್ಣಗದೆ ನೋಡು. ಈ ಮನೇಲಿ ಗೋಡೆಮ್ಯಾಲೆ ಹಲ್ಲಿ ಲೊಚಗುಟ್ಟೋದು ಕೇಳಿ ಎಷ್ಟು ವರ್ಸಾಗಿತ್ತು!"

ಮರಿಮಲ್ಲಪ್ಪನ ಹೊಟ್ಟೆಯಿಂದ ಒಂದು ಭಾರೀ ಕೂಗು ಹೊರಟಿತು. ಗಂಟಲಿಗೆ ಬರುವಷ್ಟರಲ್ಲಿ ಶಿವಮಲ್ಲಪ್ಪ ಮಾವನ ಹೆಂಡತಿ ನೆನಪಾದಳು. ತಿರುಗಾ ಒಂದರಿಂದ ಎಣಿಸಿದರೆ? ಹೆಗಲ ವಸ್ತ್ರವನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು, ಬಂದ ದಾರಿಯಲ್ಲೇ ಬಗ್ಗಿ ಬಗ್ಗಿ ವಾಪಸು ಬಂದ. ಬರುವಾಗ ಎರಡು ಬದನೆ ಗಿಡ ಮುರಿದವು. (ಹಂದಿ ನುಗ್ಗಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅವನು ತಿದ್ದಲು ಹೋಗಲಿಲ್ಲ.)

ಗೋಡೆಯ ಮೇಲೆ ಹತ್ತು ಗೆರೆ ತುಂಬಿದ ದಿನ ಕಾಂಪೌಂಡರ್ ಗುರುಮಲ್ಲಯ್ಯ ಬೆಳಗಿನ ಬಸ್ಸಿಗೆ ಬಂದಿಳಿದ. ಅಕ್ಕ, ಚಿಕ್ಕಮಲ್ಲಮ್ಮ, ಕೆಂಪಯ್ಯ ಶೆಡ್ಡಿನ ಮುಂದೆ ಸಾಲಾಗಿ ನಿಂತರು. ಮರಿಮಲ್ಲಪ್ಪ ಆಗಲೇ ಹಾಸಿಗೆ ಸುತ್ತಿಟ್ಟು, ಹೊಸ ಮದುಮಗನ ಹಾಗೆ ತಲೆ ಬಾಚಿಕೊಂಡು ತಯಾರಾಗಿದ್ದ.

ಗುರುಮಲ್ಲಯ್ಯ ಮಡಕೆಗೆ ಬಗ್ಗಿದ. ಚಿಟಿಕೆ ಹಿಟ್ಟು ಹಾಕಿದ, ಎರಡೂ ಬಂದು ತಿಂದವು. ಬಿಸಿಲಿಗೆ ತಿರುಗಿಸಿ ನೋಡಿದ, ಚುಕ್ಕೆ ಇಲ್ಲ. ಬೀಡಿ ಸೇದುವಷ್ಟು ಹೊತ್ತು ಕಾದು ನೋಡಿದ, ಒಂದನ್ನೊಂದು ಅಟ್ಟಾಡಿಸಲಿಲ್ಲ.

"ಪಾಸು. ಒಳಗೆ ತಗೊಂಡು ಹೋಗಬಹುದು."

"ಸರಿ," ಎಂದು ಮರಿಮಲ್ಲಪ್ಪ ಹಾಸಿಗೆ ಎತ್ತಿಕೊಂಡ.

"ನಿಂತ್ಕೊಳ್ಳಲಾ," ಎಂದಳು ಅಕ್ಕ. "ಕಾಂಪೌಂಡ್ರೇ, ಮೂರೂ ಒಂದೇ ಸೆಡ್ಡಲ್ಲಿದ್ದೋವು. ಎಲ್ಡುನ್ನ ನೋಡಿ ಒಂದ್ನ ಅಂಗೇ ಬುಟ್ರೆ ಎಂಗೆ? ಇವ್ನೂ ಒಂದ್ಸಲ ನೋಡ್ಬುಡಿ."

ಗುರುಮಲ್ಲಯ್ಯ ತಲೆ ಕೆರೆದುಕೊಂಡ. ಮಾತಿನಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ.

"ಊಟ ಹೇಗೆ?"

"ಒತ್ತಿಗೆ ಮೂರ್ ಮುದ್ದೆ ಹಿಟ್ಟು, ಮೇಲೆ ಅನ್ನ," ಎಂದು ಕೆಂಪಯ್ಯ ಸಾಕ್ಷಿ ನುಡಿದ.

"ಚುಕ್ಕೆ?"

ಅಕ್ಕ ತಮ್ಮನ ಕತ್ತು, ಬೆನ್ನು, ಕಿವಿಯ ಹಿಂದೆ ನೋಡಿದಳು. "ಸೊಳ್ಳೆ ಕಡ್ದಿರೋದು ಬುಟ್ರೆ ಇನ್ನೇನಿಲ್ಲ."

ಮರಿಮಲ್ಲಪ್ಪನ ಮುಖ ಅರಳಿತು. ಹತ್ತು ದಿನ ಅವನು ಯಾರನ್ನೂ ಅಟ್ಟಾಡಿಸಿರಲಿಲ್ಲ. ಅಟ್ಟಾಡಿಸಲು ಯಾರೂ ಇರಲಿಲ್ಲ. ಇನ್ನೊಂದು ಗಳಿಗೆ ತೆಪ್ಪಗಿದ್ದರೆ ಮನೆ, ಕುರ್ಚಿ, ಕೆಂಪಿ, ಬಿಸಿ ಕಾಫಿ. ತುಟಿ ಬಿಗಿದುಕೊಂಡು ನಿಂತ.

ಅಕ್ಕ ಆಕಾಶ ನೋಡುತ್ತಾ, ಮಳೆ ಬರುತ್ತದೆಯೋ ಏನೋ ಎನ್ನುವ ಧ್ವನಿಯಲ್ಲಿ ಹೇಳಿದಳು. "ಒಳಿಕ್ಕೋದ್ಮೇಲೆ ಆ ಬೆತ್ತದ ಕುರ್ಚಿ ತಾವ್ಕೆ ಓಗ್ಬ್ಯಾಡ ಮರಿಯಾ. ಅದು ಇನ್ಮೇಲೆ ಚಿಕ್ಕಮಲ್ಲಮ್ಮಂದು. ನೀನು ಚಾಪೆ ಮೇಲೆ ಕೂತ್ಕೊ."

"ಯಾರದ್ದು ಕುರ್ಚಿ?!"

ಹತ್ತು ದಿನ ತಡೆದಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಬಿತ್ತು. ನನ್ನ ಕುರ್ಚಿ, ನನ್ನ ಮನೆ, ನನ್ನ ಮೀನು, ಎಲೆಅಡಿಕೆ ಹಾಕ್ಕೊಂಡು ಮೆರೀತಾ ಕೂತಿದ್ದು ನಾನು ನೋಡಿಲ್ವಾ, ಎಂದು ಕೂಗುತ್ತಾ ಚಿಕ್ಕಮಲ್ಲಮ್ಮನ ಮೇಲೆ ನಾಲ್ಕು ಹೆಜ್ಜೆ ನುಗ್ಗಿದ. ಅವಳು ಈರುಳ್ಳಿ ಮೂಟೆ ಸುತ್ತಿ ಓಡಿದಳು. ಇವನು ಹಿಂದೆ ಸುತ್ತಿದ. ರಸ್ತೆಯಲ್ಲಿ ಒಂದು ಲಾರಿ ನಿಂತ ಸದ್ದು ಕೇಳಿಸಿತು.

ಎರಡನೆಯ ಸುತ್ತಿನಲ್ಲಿ ಅವನಿಗೆ ಅರಿವಾಯಿತು. ನಿಂತ. ಎಲ್ಲರೂ ಗುರುಮಲ್ಲಯ್ಯನನ್ನು ನೋಡುತ್ತಿದ್ದರು. ಗುರುಮಲ್ಲಯ್ಯ ನೆಲ ನೋಡುತ್ತಿದ್ದ.

"ನೋಡಿಲ್ವಾ ಅಂತ ಬೇರೆ ಕೇಳ್ತಾರೆ," ಎಂದಳು ಚಿಕ್ಕಮಲ್ಲಮ್ಮ ಏದುಸಿರು ಬಿಡುತ್ತಾ. "ಅಂಗಾದ್ರೆ ನಮ್ ಬದ್ನೆ ಗಿಡ ಮುರ್ದ ಹಂದಿ ಇವ್ರೇಯ!"

"ತಪ್ಪು ತಿಳೀಬೇಡಿ ಸಾವ್ಕಾರ್ರೆ," ಎಂದ ಗುರುಮಲ್ಲಯ್ಯ ಸಂಕಟದಿಂದ. "ನಿಯಮ ನಿಮಗೂ ಗೊತ್ತಲ್ಲ. ಪಕ್ಕದಲ್ಲಿರೋದನ್ನ ಅಟ್ಟಾಡಿಸಿದ್ರೆ..."

"ಇನ್ನೂ ಹತ್ತು ದಿನ," ಎಂದು ಅಕ್ಕ ಪೂರ್ತಿ ಮಾಡಿದಳು. ಹತ್ತು ಗೆರೆಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸದಾಗಿ ಒಂದು ಗೆರೆ ಎಳೆದಳು. ಮಡಕೆಯ ಮೇಲಿದ್ದ ಬೇವಿನ ಕೊಂಬೆ ತೆಗೆದು ಅವನ ಹಾಸಿಗೆಯ ಮೇಲಿಟ್ಟಳು. ಮೀನಿನ ಮಡಕೆ ಮೆರವಣಿಗೆಯಲ್ಲಿ ಮನೆಯೊಳಗೆ ಹೋಯಿತು.

ಮರಿಮಲ್ಲಪ್ಪ ಮೂಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಕೆಂಪಯ್ಯ ಬಾವಿಯಿಂದ ಎರಡು ಕೊಡ ನೀರು ತಂದು ಹೊಸ್ತಿಲಾಚೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದ.

"ಇದ್ಯಾಕ್ಲಾ? ಬೆಳಿಗ್ಗೆ ಸ್ನಾನ ಆಯ್ತಲ್ಲ!"

"ಪಾಸಾಗ್ದಿದ್ರೆ ನೀರು ಬದ್ಲಾಯಿಸ್ಬೇಕಂತೆ ಸಾವ್ಕಾರ್ರೆ. ಅಕ್ಕೋರು ಏಳ್ಕಳ್ಸವ್ರೆ."

ಅವನಿಗೆ ರೇಗಿತು. ಕೂಗಲು ಬಾಯಿ ತೆರೆದ. ಗೋಡೆಯ ಮೇಲಿನ ಒಂದೇ ಒಂದು ಗೆರೆ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ. ಮತ್ತೆ ರೇಗಿತು, ಮತ್ತೆ ತೆರೆದ. ಮತ್ತೆ ಮುಚ್ಚಿದ. ಬಹಳ ಹೊತ್ತು ಹಾಗೆಯೇ ತೆರೆದ, ಮುಚ್ಚಿದ. ಒಂದು ಮಾತೂ ಹೊರಗೆ ಬರಲಿಲ್ಲ.

ಹಿತ್ತಲ ಕಿಟಕಿಯಲ್ಲಿ ಬೆತ್ತದ ಕುರ್ಚಿ ಕಿರಗುಟ್ಟಿ ಈ ಕಡೆಗೆ ತಿರುಗಿತು.

"ಬನ್ನಿ ಅಕ್ಕಯ್ಯ," ಎಂದು ಚಿಕ್ಕಮಲ್ಲಮ್ಮ ಒಳಗೆ ಕರೆಯುತ್ತಿದ್ದಳು, "ಇಲ್ಲಿಂದ ನೋಡಿ. ಈಗ ಎಷ್ಟು ಚೆನ್ನಾಗವ್ರೆ!"